ಸಸ್ಯಜನ್ಯ ಸಂಯುಕ್ತ ಮತ್ತು ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್

ಸಸ್ಯದ ಬೇರು, ತೊಗಟೆ ಅಥವಾ ಎಲೆಯಿಂದ ಬೇರ್ಪಡಿಸಿ, ರಚನೆಯನ್ನು ನಿರ್ಧರಿಸಿ, ಶುದ್ಧ ರೂಪದಲ್ಲಿ ಪ್ರಮಾಣ ಅಳೆದು ಕೊಡಬಹುದಾದ ರಾಸಾಯನಿಕವೇ ಸಸ್ಯಜನ್ಯ ಸಂಯುಕ್ತ. ಕಷಾಯ, ಚೂರ್ಣಗಳು ಈ ಅರ್ಥದಲ್ಲಿ ಸಂಯುಕ್ತಗಳಲ್ಲ. ಅವು ಹಲವಾರು ರಾಸಾಯನಿಕಗಳ ಮಿಶ್ರಣ.

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಗೂ ವಿಕಿರಣಶೀಲ ಅಯೋಡಿನ್‌ಗೂ ಚೆನ್ನಾಗಿ ಮಣಿಯುತ್ತವೆ. ಶೇ. 1ರಿಂದ 2ರಷ್ಟು ಮಾತ್ರ ಕಂಡುಬರುವ ಅನಾಪ್ಲಾಸ್ಟಿಕ್ ಬಗೆ ಹಾಗಲ್ಲ. ಅದರ ಜೀವಕೋಶಗಳು ಥೈರಾಯ್ಡ್ ಕೋಶದ ಗುಣವನ್ನೇ ಕಳೆದುಕೊಂಡು ಅಯೋಡಿನ್ ಹೀರುವುದನ್ನು ನಿಲ್ಲಿಸಿರುತ್ತವೆ. ರೋಗ ಪತ್ತೆಯಾದಾಗಲೇ ಅದನ್ನು ನಾಲ್ಕನೇ, ಅಂದರೆ ಕೊನೆಯ ಹಂತದ್ದೆಂದು ಎಣಿಸುತ್ತಾರೆ. ಗಡ್ಡೆಯ ಬಿಆರ್‌ಎಎಫ್ ಎಂಬ ಜೀನ್‌ನಲ್ಲಿ ವಿ600ಇ ಎಂಬ ರೂಪಾಂತರವಿರುವ ರೋಗಿಗಳಿಗೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಔಷಧಗಳ ಜೋಡಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅನುಮೋದಿಸಿತು. ಆ ರೂಪಾಂತರವಿಲ್ಲದವರಿಗೆ ಆಯ್ಕೆಗಳು ಕಡಿಮೆ. ಸಸ್ಯಗಳತ್ತ ಸಂಶೋಧಕರ ಕಣ್ಣು ಹೊರಳಲು ಇದೂ ಒಂದು ಕಾರಣ.

ಈ ಹಾದಿ ಹೊಸತಲ್ಲ. ಈ ಕಾಯಿಲೆಗೆ ಈಗಾಗಲೇ ಬಳಸುತ್ತಿರುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧ ಮೂಲತಃ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಮನ್ಸುಖ್ ವಾನಿ ಮತ್ತು ಮನ್ರೋ ವಾಲ್ ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಗಳು ಬಿಚ್ಚಿಕೊಳ್ಳದಂತೆ ಹಿಡಿದಿಟ್ಟು ಅದು ಕೋಶವನ್ನು ಕೊಲ್ಲುತ್ತದೆ. ಆಫ್ರಿಕಾದ ಕಾಂಬ್ರೀಟಮ್ ಕ್ಯಾಫ್ರಮ್ ಮರದಲ್ಲಿ ದೊರೆತ ಕಾಂಬ್ರೆಟಾಸ್ಟಾಟಿನ್ ಎ4 ಗಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಕುಸಿಯುವಂತೆ ಮಾಡುತ್ತದೆ. ಅದರಿಂದ ರೂಪಿಸಿದ ಫಾಸ್‌ಬ್ರೆಟಾಬುಲಿನ್ ಔಷಧವನ್ನು ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್ ಎಂಬ ಇನ್ನೊಂದು ಕೀಮೋಥೆರಪಿ ಔಷಧದ ಜೊತೆ 80 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಿದಾಗ ಬದುಕುಳಿದ ಮಧ್ಯಾಂಕ ಅವಧಿ (ಅರ್ಧದಷ್ಟು ರೋಗಿಗಳು ದಾಟಿದ ಕಾಲ) 5.2 ತಿಂಗಳಾಯಿತು, ಅದಿಲ್ಲದ ಗುಂಪಿನಲ್ಲಿ ಅದು 4 ತಿಂಗಳು. ಇಷ್ಟು ಅಂತರವನ್ನು ಸಂಖ್ಯಾಶಾಸ್ತ್ರ ನಿಜವಾದ ಲಾಭವೆಂದು ಒಪ್ಪಲಿಲ್ಲ.

ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿಯ ರೆಸ್ವೆರಾಟ್ರಾಲ್, ಈರುಳ್ಳಿಯ ಕ್ವೆರ್ಸೆಟಿನ್‌ಗಳ ಸ್ಥಿತಿ ಇನ್ನೂ ಹಿಂದಿನದು. ಪ್ರಯೋಗಾಲಯದ ತಟ್ಟೆಯಲ್ಲಿ ಇವು ಥೈರಾಯ್ಡ್ ಕ್ಯಾನ್ಸರ್ ಕೋಶಗಳನ್ನು ಸಾಯಿಸಿವೆ ಎಂಬುದು ನಿಜ. ಆದರೆ ಬ್ಲೀಚ್ ಕೂಡ ಸಾಯಿಸುತ್ತದೆ ಎಂಬುದನ್ನು ವರದಿ ಓದುವಾಗ ಮರೆಯಬಾರದು. ಕರ್ಕ್ಯುಮಿನ್ ಕರುಳಿನಿಂದ ಸರಿಯಾಗಿ ಹೀರಲ್ಪಡುವುದಿಲ್ಲ, ಹೀರಿದ ಅಷ್ಟೂ ದೇಹದಲ್ಲಿ ಬೇಗನೆ ಬೇರೆ ರಾಸಾಯನಿಕಗಳಾಗಿ ಬದಲಾಗುತ್ತದೆ. ಹೀಗಾಗಿ ತಟ್ಟೆಯಲ್ಲಿ ಫಲ ಕೊಟ್ಟ ಸಾಂದ್ರತೆ ನುಂಗಿದವರ ರಕ್ತದಲ್ಲಿ ಸಿಗುವುದು ಕಷ್ಟ. ‘ಸಂಭಾವ್ಯ ಚಿಕಿತ್ಸೆ’ ಎಂಬ ಮಾತು ಇಂಥ ಸಂಯುಕ್ತಗಳಿಗೆ ಅನ್ವಯಿಸಿದಾಗ, ಪರೀಕ್ಷೆಗೆ ಯೋಗ್ಯ ಎಂಬಷ್ಟೇ ಅದರ ಅರ್ಥ. ಪ್ಯಾಕ್ಲಿಟ್ಯಾಕ್ಸೆಲ್ ಯಕೃತ್ತಿನ ಕಿಣ್ವಗಳಿಂದ ವಿಭಜನೆಯಾಗುವ ಔಷಧ. ಅದೇ ಕಿಣ್ವಗಳನ್ನು ಕೆಣಕುವ ಸಸ್ಯಸಾರಗಳೂ ಇರುವುದರಿಂದ, ಕೀಮೋಥೆರಪಿಯ ನಡುವೆ ಇಂಥ ಪೂರಕಗಳನ್ನು ಸೇವಿಸುವವರು ತಮ್ಮ ವೈದ್ಯರಿಗೆ ತಿಳಿಸಲೇಬೇಕು.