ನೆಲದ ಬಳಕೆ ಮತ್ತು ಮಣ್ಣಿನ ಜೀವಿಗಳು: ಲೆಕ್ಕ ಎಲ್ಲಿ ದಾರಿ ತಪ್ಪಿಸುತ್ತದೆ

ಕಾಡು ಕಡಿದು ಹೊಲ ಮಾಡಿದರೆ ಮಣ್ಣಿನ ಜೀವಿಗಳೆಲ್ಲ ಕಡಿಮೆಯಾಗುತ್ತವೆ ಎಂದು ಪರೀಕ್ಷೆಯಲ್ಲಿ ಬರೆಯುವವರು ಬಹಳ. ಇದು ಅರ್ಧ ಸರಿ. ಉಳುಮೆಯ ಪೆಟ್ಟು ಮೊದಲು ಬೀಳುವುದು ದೊಡ್ಡ ಮೈಯ ಪ್ರಾಣಿಗಳಿಗೆ ಮತ್ತು ಶಿಲೀಂಧ್ರಗಳ ಉದ್ದನೆಯ ಎಳೆಗಳಿಗೆ. ಬ್ಯಾಕ್ಟೀರಿಯಾಗಳ ಚಟುವಟಿಕೆ ಕೆಲಕಾಲ ಏರುವುದೂ ಉಂಟು.

ಕಾರಣ ಹೀಗಿದೆ. ಹೆಂಟೆ ಒಡೆದಾಗ ಅದರೊಳಗೆ ಅಡಗಿದ್ದ ಸಾವಯವ ಪದಾರ್ಥ ಗಾಳಿಗೆ ತೆರೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾ ಅದನ್ನು ಮುಗಿಬಿದ್ದು ತಿನ್ನುತ್ತವೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಬರುತ್ತದೆ. ಆ ದಿನಗಳಲ್ಲಿ ಮಣ್ಣಿನ ಉಸಿರಾಟ ಅಳೆದರೆ ಉತ್ತ ನೆಲವೇ ಹೆಚ್ಚು ಜೀವಂತವಾಗಿ ಕಾಣುತ್ತದೆ. ಅದು ಗಳಿಕೆಯಲ್ಲ, ಕೂಡಿಟ್ಟದ್ದನ್ನು ಕರಗಿಸುವುದು.

ಗಿಡದ ಬೇರಿನೊಂದಿಗೆ ಕೂಡಿ ಬಾಳುವ ಮೈಕೊರೈಜಾ ಶಿಲೀಂಧ್ರಕ್ಕೆ ಜೀವಂತ ಬೇರು ಬೇಕೇ ಬೇಕು. ಬೀಳುಬಿಟ್ಟ ಬರಿನೆಲ, ಸಾಸಿವೆ ಅಥವಾ ಎಲೆಕೋಸಿನಂಥ ಬೆಳೆ (ಇವು ಅದರೊಂದಿಗೆ ಕೂಡುವುದಿಲ್ಲ), ರಂಜಕ ಗೊಬ್ಬರದ ಅತಿಬಳಕೆ: ಮೂರೂ ಅದನ್ನು ಸೊರಗಿಸುತ್ತವೆ. ಸ್ಪ್ರಿಂಗ್‌ಟೇಲ್ ಎಂಬ ರೆಕ್ಕೆಯಿಲ್ಲದ ಪುಟ್ಟ ಮಣ್ಣಿನ ಜೀವಿಗಳ ತೊಂದರೆಯೇ ಬೇರೆ. ಅವು ಮಣ್ಣು ಕೊರೆಯಲಾರವು, ಇದ್ದ ರಂಧ್ರದಲ್ಲೇ ಓಡಾಡಬೇಕು. ಟ್ರ್ಯಾಕ್ಟರ್ ಚಕ್ರದಡಿ ಮಣ್ಣು ಅಮುಕಿಹೋದರೆ ಮೊದಲು ಮುಚ್ಚುವುದು ಆ ದೊಡ್ಡ ರಂಧ್ರಗಳೇ.

ಎರೆಹುಳುಗಳಲ್ಲಿ ಮೂರು ಗುಂಪು: ತರಗೆಲೆಯಲ್ಲಿ ಬದುಕುವವು, ಮೇಲ್ಮಣ್ಣಿನೊಳಗೆ ಅಡ್ಡಡ್ಡ ಕೊರೆಯುವವು, ನೇರ ಆಳಕ್ಕೆ ಬಿಲ ತೋಡುವವು. ಪದೇಪದೇ ಉತ್ತರೆ ಮೊದಲನೆಯದೂ ಮೂರನೆಯದೂ ಸಾಮಾನ್ಯವಾಗಿ ಕ್ಷೀಣಿಸುತ್ತವೆ, ನಡುವಿನದು ತಾಳಿಕೊಳ್ಳುತ್ತದೆ. ಆದ್ದರಿಂದ ಒಟ್ಟು ಸಂಖ್ಯೆಗಿಂತ ಯಾವ ಗುಂಪು ಕಾಣೆಯಾಗಿದೆ ಎಂಬುದನ್ನೇ ನೋಡಿ. ಬ್ರೆಜಿಲಿನ ಮನೌಸ್ ಬಳಿ ಕಾಡು ಕಡಿದು ಮಾಡಿದ ಹುಲ್ಲುಗಾವಲುಗಳಲ್ಲಿ ಎರೆಹುಳು ಹೇರಳವಾಗಿತ್ತು, ಆದರೆ ಹೆಚ್ಚಿನದು ಪಾಂಟೊಸ್ಕೊಲೆಕ್ಸ್ ಕೊರೆತ್ರೂರಸ್ ಎಂಬ ಒಂದೇ ಜಾತಿ. ಅದರ ಹಿಕ್ಕೆಯನ್ನು ಒಡೆಯಬಲ್ಲ ಉಳಿದ ಜೀವಿಗಳು ಇಲ್ಲವಾಗಿ ಮೇಲ್ಪದರ ಗಟ್ಟಿಕಟ್ಟಿತು. ಹುಳು ಹೆಚ್ಚಿದಷ್ಟೂ ಮಣ್ಣು ಚೆನ್ನ ಎನ್ನುವವರಿಗೆ ಇದೊಂದು ಉದಾಹರಣೆ ಸಾಕು.

ಎಣಿಕೆಗೆ 25×25 ಸೆಂ.ಮೀ. ಚೌಕ ಗುರುತಿಸಿ 30 ಸೆಂ.ಮೀ. ಆಳ ಬೇಗ ಅಗೆಯಿರಿ. ತಡಮಾಡಿದರೆ ಆಳದ ಹುಳು ಕೆಳಗೆ ಜಾರುತ್ತದೆ. ಮಣ್ಣನ್ನು 10 ಸೆಂ.ಮೀ.ನ ಮೂರು ಪದರಗಳಾಗಿ ಬಿಳಿ ಹಾಳೆಯ ಮೇಲೆ ಸುರಿದು ಕೈಯಿಂದ ಆರಿಸಿ. ತುಂಡಾದವುಗಳಲ್ಲಿ ತಲೆಯಿರುವ ತುಂಡನ್ನಷ್ಟೇ ಎಣಿಸಿ. ಬಂದ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಆಳದವುಗಳಿಗಾಗಿ ಗುಂಡಿಯ ತಳಕ್ಕೆ ಸಾಸಿವೆ ಪುಡಿ ಕದಡಿದ ನೀರು ಸುರಿಯುವುದುಂಟು. ಮೇಲೆ ಬಂದ ಹುಳುವನ್ನು ಕೂಡಲೇ ಶುದ್ಧ ನೀರಲ್ಲಿ ತೊಳೆಯಿರಿ. ಒಣ ನೆಲದಲ್ಲಿ ಈ ಉಪಾಯ ನಡೆಯದು, ಹುಳುಗಳು ಸುರುಳಿಸುತ್ತಿ ಮಲಗಿರುತ್ತವೆ. ಹಾಗೆಯೇ ಹಸಿ ಕಾಡಿನ ಮಣ್ಣನ್ನು ಒಣಗಿದ ಹೊಲದ ಮಣ್ಣಿನೊಂದಿಗೆ ಹೋಲಿಸಿದರೆ ನೀವು ಅಳೆಯುವುದು ತೇವವನ್ನು, ಬಳಕೆಯನ್ನಲ್ಲ.

ಇನ್ನು ಪ್ರಾಜೆಕ್ಟ್ ವರದಿಗಳಲ್ಲಿ ಎಲ್ಲೆಲ್ಲೂ ಕಾಣುವ ತಪ್ಪು: ಒಂದೇ ಹೊಲದಲ್ಲಿ ಐದು ಗುಂಡಿ ತೋಡಿ ಐದು ಪುನರಾವರ್ತನೆ (ಒಂದಕ್ಕೊಂದು ಸಂಬಂಧವಿಲ್ಲದ ಐದು ಮಾದರಿ) ಎಂದು ಬರೆಯುವುದು. ಹೊಲಗಳ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಒಂದೇ ಬಗೆಯ ಮಣ್ಣಿನ ಬೇರೆಬೇರೆ ಹೊಲಗಳು ಬೇಕು. ಅಲ್ಲಿಯತನಕ ಆ ಐದೂ ಗುಂಡಿಗಳ ಸರಾಸರಿ ಒಂದೇ ಒಂದು ಅಂಕಿ.