ಕಾರ್ಖಾನೆಯ ಅಪಾಯವನ್ನು ಮೊದಲೇ ಹುಡುಕುವ ರೂಢಿ ಬಂದದ್ದು ಹೇಗೆ?

ಕಾರ್ಖಾನೆಯಲ್ಲಿ ಅಪಘಾತವಾದರೆ ಎಲ್ಲರೂ ಮೊದಲು ಕೇಳುವುದು, 'ತಪ್ಪು ಯಾರದ್ದು?' ಉತ್ತರವೂ ಬಹಳ ಸಲ ಸಿದ್ಧವಾಗಿಯೇ ಇರುತ್ತದೆ: ಕೆಲಸಗಾರ ಹುಷಾರಾಗಿರಲಿಲ್ಲ. ಈ ಉತ್ತರದಿಂದ ಹೊರಬರಲು ಜಗತ್ತಿಗೆ ತುಂಬ ಕಾಲ ಹಿಡಿಯಿತು, ತುಂಬ ಜೀವಗಳೂ ಹೋದವು.

ಬ್ರಿಟನ್ 1844ರಲ್ಲೇ ಬಟ್ಟೆ ಗಿರಣಿಗಳ ತಿರುಗುವ ಯಂತ್ರಭಾಗಗಳಿಗೆ ಮರೆ ಕಟ್ಟಬೇಕೆಂದು ಕಾನೂನು ಮಾಡಿತು. ಕೈ ದೂರ ಇಟ್ಟುಕೋ ಅಂತ ಕೆಲಸಗಾರನಿಗೆ ಬುದ್ಧಿ ಹೇಳುವ ಬದಲು ಚಕ್ರವನ್ನೇ ಮುಚ್ಚುವುದು. ನನ್ನ ಪ್ರಕಾರ ಸುರಕ್ಷತೆಯ ಮೂಲ ಪಾಠ ಇದೇ. ಆದರೆ 1931ರಲ್ಲಿ ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್ರಿಚ್, 88% ಅಪಘಾತಗಳಿಗೆ ಕೆಲಸಗಾರರ ಅಸುರಕ್ಷಿತ ನಡವಳಿಕೆಯೇ ಕಾರಣ ಎಂದರು. ಈ ಲೆಕ್ಕ ಬಹುಮಟ್ಟಿಗೆ ಮೇಲ್ವಿಚಾರಕರು ಬರೆದ ವರದಿಗಳ ಮೇಲೆ ನಿಂತಿತ್ತು. ಅವರು ತಮ್ಮ ಮೇಲೇ ತಪ್ಪು ಬರೆದುಕೊಳ್ಳುತ್ತಾರಾ? ಆದರೂ ಆ ಅಂಕಿ ದಶಕಗಳ ಕಾಲ ಓಡಾಡಿತು.

ಯೋಚನೆಯ ದಿಕ್ಕು ಬದಲಿಸಿದ ಘಟನೆಗಳಲ್ಲಿ ಮುಖ್ಯವಾದದ್ದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ. ಅಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿ ಆರು ರಿಯಾಕ್ಟರ್‌ಗಳಿದ್ದವು, ಅಂದರೆ ರಾಸಾಯನಿಕ ಕ್ರಿಯೆ ನಡೆಯುವ ದೊಡ್ಡ ಪಾತ್ರೆಗಳು. ಐದನೆಯದರಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು, ನಾಲ್ಕು ಮತ್ತು ಆರರ ನಡುವೆ 20 ಇಂಚಿನ ಪೈಪ್ ಜೋಡಿಸಿದರು. ಅದಕ್ಕೆ ಸರಿಯಾದ ವಿನ್ಯಾಸದ ಲೆಕ್ಕಾಚಾರ ಇರಲಿಲ್ಲ. ನಕ್ಷೆ ಅಂತ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಚಿತ್ರ. 1974ರ ಜೂನ್ 1ರಂದು ಆ ಪೈಪ್ ಒಡೆದು ಸೈಕ್ಲೋಹೆಕ್ಸೇನ್ ಎಂಬ ಬೇಗ ಹೊತ್ತಿಕೊಳ್ಳುವ ರಾಸಾಯನಿಕ ಹೊರನುಗ್ಗಿತು, ಸ್ಫೋಟವಾಯಿತು. 28 ಜನ ಸತ್ತರು. ಶನಿವಾರವಾದ್ದರಿಂದ ಕಚೇರಿ ಖಾಲಿಯಿತ್ತು, ಇಲ್ಲದಿದ್ದರೆ ಸಾವು ಇನ್ನೂ ಜಾಸ್ತಿಯಾಗುತ್ತಿತ್ತು. ಇಲ್ಲಿ ಯಾವ ಕೆಲಸಗಾರನನ್ನು ದೂರುವುದು? ಉತ್ಪಾದನೆ ಬೇಗ ಶುರುವಾಗಲಿ ಎಂದು ಮಾಡಿದ ಬದಲಾವಣೆಯನ್ನು ಯಾರೂ ಪರಿಶೀಲಿಸಲಿಲ್ಲ, ಅಷ್ಟೇ.

ಆಮೇಲೆ ಅಪಾಯವನ್ನು ಮೊದಲೇ ಹುಡುಕುವ ಹ್ಯಾಝಾಪ್ ಎಂಬ ಪದ್ಧತಿ ಬೇಗ ಹರಡಿತು. ಅದು ಬ್ರಿಟನ್ನಿನ ಐಸಿಐ ಎಂಬ ರಾಸಾಯನಿಕ ಕಂಪನಿಯಲ್ಲಿ 1960ರ ದಶಕದಲ್ಲೇ ಹುಟ್ಟಿತ್ತು. ಪ್ಲಾಂಟ್ ನಡೆಸುವವರು, ರಿಪೇರಿ ಮಾಡುವವರು, ವಿನ್ಯಾಸ ಮಾಡಿದವರು ಒಟ್ಟಿಗೆ ಕೂತು ಒಂದೊಂದು ಪೈಪನ್ನೂ ನೋಡುತ್ತಾ ಕೇಳಬೇಕು: ಹರಿವು ನಿಂತರೆ? ಜಾಸ್ತಿಯಾದರೆ? ಹಿಂದಕ್ಕೆ ಹರಿದರೆ? ಬೇಸರ ತರಿಸುವ ಕೆಲಸ ನಿಜ, ಆದರೆ ಅವಸರ ಮಾಡಿದರೆ ಉಪಯೋಗವಿಲ್ಲ.

ಸಲಕರಣೆ ಇದ್ದರೆ ಸಾಲದು ಎಂಬುದನ್ನು ಭೋಪಾಲ್ ತೋರಿಸಿತು. 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿದಾಗ ತಂಪಾಗಿಸುವ ವ್ಯವಸ್ಥೆ ಬಂದ್ ಆಗಿತ್ತು. ಅನಿಲ ಸುಡುವ ಗೋಪುರದ ಪೈಪ್ ಬಿಚ್ಚಿಟ್ಟಿದ್ದರು. ಸಾವಿರಾರು ಜನ ಸತ್ತರು. ಅಷ್ಟು ವಿಷವನ್ನು ಸಂಗ್ರಹಿಸಿಡುವುದೇ ಬೇಕಿತ್ತಾ ಎಂಬ ಪ್ರಶ್ನೆ ಆಗ ಗಟ್ಟಿಯಾಗಿ ಕೇಳಿಬಂತು. ಅಪಾಯ ಕಡಿಮೆ ಮಾಡುವ ಕ್ರಮವೂ ಇದೇ: ಅಪಾಯದ ವಸ್ತುವನ್ನೇ ತೆಗೆಯಿರಿ, ಆಗದಿದ್ದರೆ ಬದಲಿಸಿ, ಆಮೇಲೆ ಯಂತ್ರದ ತಡೆ, ನಂತರ ಕೆಲಸದ ನಿಯಮ. ಹೆಲ್ಮೆಟ್, ಗ್ಲೌಸ್ ಕೊನೆಗೆ. ಎಷ್ಟೋ ಕಡೆ ಹೆಲ್ಮೆಟ್ಟಿನಿಂದಲೇ ಶುರುಮಾಡಿ ಅಲ್ಲೇ ನಿಲ್ಲಿಸುತ್ತಾರೆ.

ಸಣ್ಣಪುಟ್ಟ ಗಾಯಗಳ ಲೆಕ್ಕ ನೋಡಿ ಸಮಾಧಾನ ಪಡುವುದೂ ಅಪಾಯವೇ. ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಸಂಸ್ಕರಣಾ ಘಟಕದಲ್ಲಿ ಆ ಲೆಕ್ಕ ಚೆನ್ನಾಗಿಯೇ ಇತ್ತು. 2005ರ ಮಾರ್ಚ್ 23ರಂದು ಅಲ್ಲಿ ಸ್ಫೋಟವಾಗಿ 15 ಜನ ಸತ್ತರು. ಎಲ್ಲರೂ ಗುತ್ತಿಗೆ ಕೆಲಸಗಾರರು, ಘಟಕದ ಹತ್ತಿರ ನಿಲ್ಲಿಸಿದ್ದ, ಕಚೇರಿಯಂತೆ ಬಳಸುವ ತಾತ್ಕಾಲಿಕ ಟ್ರೇಲರ್‌ಗಳ ಒಳಗೆ ಅಥವಾ ಪಕ್ಕದಲ್ಲಿದ್ದವರು. ಘಟಕ ಚಾಲೂ ಮಾಡುವಾಗ ಅವರು ಅಲ್ಲಿರುವ ಅಗತ್ಯವೇ ಇರಲಿಲ್ಲ. ಅಂಥ ಟ್ರೇಲರ್‌ಗಳನ್ನು ಎಷ್ಟು ದೂರ ಇಡಬೇಕು ಎಂಬ ಮಾರ್ಗಸೂಚಿಯನ್ನು ಅಮೆರಿಕದ ತೈಲೋದ್ಯಮ 2007ರಲ್ಲಿ ಹೊರತಂದಿತು.