ಟಿಕೆಟಿನಲ್ಲಿ ಅಚ್ಚಾಗದ ಖರ್ಚು

ರೈಲ್ವೆಗೆ ಪ್ರಯಾಣ ವೆಚ್ಚದಲ್ಲಿ ಸರಾಸರಿ ಶೇ 57 ಮಾತ್ರ ವಸೂಲಾಗುತ್ತದೆ ಎಂಬ ಸಾಲು 2016ರಿಂದ ಟಿಕೆಟಿನ ಮೇಲೆ ಅಚ್ಚಾಗತೊಡಗಿತು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಉಪ್ಪಳದಲ್ಲೋ ಮಂಗಳೂರಿನ ರೈಲು ಹತ್ತುವವನಿಗೆ ಅದನ್ನು ಓದಿದರೆ ತಾನು ಸರ್ಕಾರಕ್ಕೆ ಬಾಕಿ ಉಳಿಸಿಕೊಂಡವನಂತೆ ಅನಿಸಬೇಕು. ಪೆಟ್ರೋಲ್ ಬಂಕಿನ ರಸೀದಿಯಲ್ಲಿ ಮಾತ್ರ ಅಂಥದ್ದೊಂದು ಸಾಲು ಇಲ್ಲ.

ಕಾರಿನವನು ಪೂರ್ತಿ ಕೊಡುತ್ತಾನೆ ಎಂದಲ್ಲ, ಲೆಕ್ಕ ಇಡುವ ರೀತಿಯೇ ಬೇರೆ. 1907ರಲ್ಲಿ ಮಂಗಳೂರಿನವರೆಗೆ ರೈಲು ಬಂದ ಕಾಲದಿಂದಲೂ ಹಳಿ, ಸೇತುವೆ, ಎಂಜಿನ್, ಸ್ಟೇಷನ್ ಮಾಸ್ತರರ ಸಂಬಳ ಎಲ್ಲವೂ ರೈಲಿನದೇ ಖರ್ಚು. ರಸ್ತೆಯ ಖರ್ಚು ಹರಿದು ಹಂಚಿಹೋಗಿದೆ. ಗಾಡಿ ನಮ್ಮದು, ಡಾಮರು ಸರ್ಕಾರದ್ದು, ಅಪಘಾತವಾದರೆ ಆಸ್ಪತ್ರೆಯ ಬಿಲ್ಲು ಮನೆಯವರದು, ಹೊಗೆ ರಸ್ತೆ ಬದಿಯ ಅಂಗಡಿಯವನ ಪಾಲು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಯಾವ ಟಿಕೆಟಿನ ದರದಲ್ಲಿ ಸೇರಿದೆ?

ಒಬ್ಬನ ವ್ಯವಹಾರದಿಂದ ಮೂರನೆಯವನಿಗೆ ತಗಲುವ ನಷ್ಟವನ್ನೂ ವೆಚ್ಚವೆಂದೇ ಎಣಿಸಬೇಕು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಾದಿಸಿದ್ದರು. ಅದನ್ನು ಬೀದಿಗೆ ತಂದದ್ದು ಸಿಂಗಾಪುರ. 1975ರಲ್ಲಿ ನಗರದ ನಡುಭಾಗಕ್ಕೆ ನುಗ್ಗುವ ಕಾರುಗಳಿಗೆ ಅಲ್ಲಿ ಶುಲ್ಕ ಬಿತ್ತು, ಲಂಡನ್ನಿನಲ್ಲಿ 2003ರಲ್ಲಿ. ನಮ್ಮಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ 1982ರ ಹೊತ್ತಿಗೆ ದೊಡ್ಡದೊಂದು ಅಧ್ಯಯನ ಮುಗಿಸಿತು. ರಸ್ತೆ ಕೆಟ್ಟರೆ ಇಂಧನ ಎಷ್ಟು ಹೆಚ್ಚು ಸುಡುತ್ತದೆ, ಟೈರು ಎಷ್ಟು ಸವೆಯುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಒಳ್ಳೆಯ ಕೆಲಸವೇ. ಆದರೆ ಅಂಥ ಲೆಕ್ಕ ಬಳಕೆಯಾದದ್ದು ಹೆಚ್ಚಾಗಿ ರಸ್ತೆ ಅಗಲ ಮಾಡುವುದರ ಲಾಭ ತೋರಿಸಲಿಕ್ಕೆ. ರೈಲು, ಬಸ್ಸು, ಬೈಕು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಶ್ನೆ ಹಿಂದೆ ಬಿತ್ತು.

ನಮ್ಮ ಕಣ್ಣೆದುರಿನ ಉದಾಹರಣೆ ಆರು ಪಥದ ರಾಷ್ಟ್ರೀಯ ಹೆದ್ದಾರಿ 66. ಕೇರಳದಲ್ಲಿ ಅದರ ಭೂಸ್ವಾಧೀನದ ಶೇ 25ರಷ್ಟು ವೆಚ್ಚವನ್ನು ರಾಜ್ಯವೇ ಹೊತ್ತಿತು, 5 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ಸೈಕಲ್ಲೂ ಇಲ್ಲದವನ ತೆರಿಗೆಯೂ ಸೇರಿದೆ. ತಲಪಾಡಿಯಿಂದ ಚೆಂಗಳದವರೆಗೆ ಗಾಡಿಗಳು ಈಗ ಸಲೀಸಾಗಿ ಓಡುತ್ತವೆ, ನಿಜ. ಮೊದಲು ಎದುರಿನ ಅಂಗಡಿಗೆ ನೇರ ರಸ್ತೆ ದಾಟುತ್ತಿದ್ದ ಅಜ್ಜಿ ಈಗ ಅಂಡರ್‌ಪಾಸ್ ಹುಡುಕಿಕೊಂಡು ನಡೆಯಬೇಕು. ಕಾರಿನವನಿಗೆ ಉಳಿದ ನಿಮಿಷಗಳಿಗೆ ಯೋಜನಾ ವರದಿಗಳಲ್ಲಿ ರೂಪಾಯಿ ಲೆಕ್ಕದ ಬೆಲೆ ಕಟ್ಟುವ ಕ್ರಮ ಇದೆ. ಅಜ್ಜಿಯ ನಿಮಿಷಗಳನ್ನು ಎಣಿಸುವವರು ಕಡಿಮೆ.

ಹಾಗೆಂದು ರೈಲು ಅಗ್ಗ ಎಂದು ಬರೆದು ಮುಗಿಸುವಂತೆಯೂ ಇಲ್ಲ. ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂಪಾಯಿ, ಸ್ಟೇಷನ್ ತಲುಪಲು ಹಿಡಿಯುವ ಆಟೋಕ್ಕೆ 2022ರಲ್ಲಿ ಕೇರಳ ನಿಗದಿಮಾಡಿದ ಕನಿಷ್ಠ ಬಾಡಿಗೆಯೇ 30. ಸ್ಟೇಷನ್ನಿನಿಂದ ದೂರ, ಒಳನಾಡಿನ ಬದಿಯಡ್ಕದ ಕಡೆಯವರಿಗೆ ಮನೆಬಾಗಿಲಿನ ಬೈಕೇ ಲಾಭ ಅನ್ನಿಸಿದರೆ ಅವರ ಲೆಕ್ಕ ತಪ್ಪಲ್ಲ. ಅವರ ಜೇಬಿನ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.